ರೋಗಾಣುವಿಗೂ ತಗಲುವ ರೋಗ: ಬ್ಯಾಕ್ಟೀರಿಯಾದೊಳಗೆ ವೈರಸ್ಸಿನ ವಂಶಾಭಿವೃದ್ಧಿ

(ಸಂಘದ ವಾರ್ಷಿಕ ಸಮಾರಂಭದ ಅಂಗವಾಗಿ ಚಿತ್ತಾಪುರದಲ್ಲಿ ಪಾಲಕರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಲಿಖಿತ ರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಕಾರ್ಯದರ್ಶಿಗಳು ವಿಷಯ ಯಾವುದೆಂದು ಕೇಳಿದಾಗ "ವೈರಸ್ಸು" ಎಂದೆ. "ಟೀಚರ್, ನಿಮಗೇಕೆ ವೈರಸ್ಸಿನ ಉಸಾಬರಿ? ಶಾಯರಿ ಬಗ್ಗೆ ಮಾತಾಡಿ" ಎಂದು ನಕ್ಕರು. ಅವರ ಮಾತೂ ಸರಿಯೇ. ಆದರೆ ಒಬ್ಬ ತಾಯಿ ನನಗೆ ಒಂದು ಪ್ರಶ್ನೆ ಕೇಳಿದ್ದರು. ಅಂದು ಉತ್ತರ ಗೊತ್ತಿರಲಿಲ್ಲ. ಆ ಉತ್ತರ ಹುಡುಕುತ್ತ ಹೋದಾಗ ನಾನು ಎಂದೂ ಕೇಳಿರದ ಒಂದು ಲೋಕಕ್ಕೆ ಬಂದು ಮುಟ್ಟಿದೆ. ವಿಜ್ಞಾನ ಕಲಿಸುವ ನನ್ನ ಸಹೋದ್ಯೋಗಿಯೊಬ್ಬರು ಪುಸ್ತಕ ಕೊಟ್ಟು, ತಪ್ಪಿದಲ್ಲಿ ತಿದ್ದಿದ್ದಾರೆ. ಇನ್ನೂ ತಪ್ಪುಗಳು ಉಳಿದಿದ್ದರೆ ಅವು ನನ್ನವು.

ಮೊದಲು ಆ ತಾಯಿಯ ಮಾತು. ಕೆಲವು ವರ್ಷಗಳ ಹಿಂದೆ ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಹೆಸರು ಬೇಡ. ತಂದೆ ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುವವರು. ಆ ವರ್ಷ ಆರೋಗ್ಯ ಇಲಾಖೆಯವರು ಹತ್ತು ವರ್ಷದ ಮಕ್ಕಳಿಗೆ ಸೂಜಿ ಹಾಕಲು ಬರುವವರಿದ್ದರು. ಮನೆಮನೆಗೆ ಚೀಟಿ ಕಳಿಸಿದೆವು. ಅವನ ಚೀಟಿ ಸಹಿ ಇಲ್ಲದೆ ಮರಳಿ ಬಂತು. ಸೂಜಿಯಿಂದ ಜ್ವರ ಬರುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದೆಲ್ಲ ಓಣಿಯಲ್ಲಿ ಮಾತಿತ್ತು. ನಾನು ಅವರ ಮನೆಗೆ ಹೋಗಿ ಕೂತು ಮಾತಾಡಬಹುದಿತ್ತು. ಹೋಗಲಿಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ "ಒಪ್ಪಿಗೆ ಇಲ್ಲ" ಎಂದು ಬರೆದು ಮುಂದಿನ ಹೆಸರಿಗೆ ಹೋದೆ. ಮೂರು ತಿಂಗಳ ಬಳಿಕ ಅವನಿಗೆ ಜ್ವರ ಬಂತು, ಕುತ್ತಿಗೆ ಬಾತುಕೊಂಡಿತು, ಗಂಟಲೊಳಗೆ ಬೂದು ಬಣ್ಣದ ಪೊರೆ ಕಟ್ಟಿತು. ಹೈದರಾಬಾದಿಗೆ ಒಯ್ದರು. ಕನ್ನಡದಲ್ಲಿ ನಾವು ಗಂಟಲಮಾರಿ ಎನ್ನುತ್ತೇವೆ, ಡಾಕ್ಟರರು ಡಿಫ್ತೀರಿಯಾ ಎನ್ನುತ್ತಾರೆ. ಉರ್ದುವಿನಲ್ಲಿ ಖುನಾಖ್. ಕತ್ತು ಹಿಸುಕುವುದು ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಶಬ್ದ ಅದು. ವರ್ಷಗಟ್ಟಲೆ ಶಬ್ದಾರ್ಥ ಬರೆಸಿದ್ದೇನೆ, ಆ ಶಬ್ದದ ಅರ್ಥ ತಿಳಿದದ್ದು ಆಗಲೇ.

ಹುಡುಗ ಬದುಕಿದ. ಆದರೆ ಹೃದಯಕ್ಕೆ ಪೆಟ್ಟು ಬಿದ್ದಿತ್ತು, ಎಷ್ಟೋ ತಿಂಗಳು ಶಾಲೆಗೆ ಬರಲಿಲ್ಲ. ನಾನು ನೋಡಲು ಹೋದಾಗ ತಾಯಿ ಚಹಾ ಕೊಟ್ಟು ಎದುರಿಗೆ ಕುಳಿತರು. ಮನೆಯವರೆಲ್ಲರ ಗಂಟಲಿನಿಂದ ಹತ್ತಿಯಲ್ಲಿ ಸ್ಯಾಂಪಲ್ ತೆಗೆದು ಪರೀಕ್ಷೆ ಮಾಡಿದ್ದರಂತೆ. ಹುಡುಗನ ಅಕ್ಕನ ಗಂಟಲಲ್ಲೂ ಅದೇ ರೋಗಾಣು ಸಿಕ್ಕಿತು. ಅವಳಿಗೆ ಒಂದು ಕೆಮ್ಮೂ ಇರಲಿಲ್ಲ! "ವೊಚ್ ಜರಾಸೀಮ್ ಉಸ್ಕೆ ಗಲೇ ಮೇಂ ಭೀ ಹೈ ಬೋಲೆ. ಫಿರ್ ಹಮಾರೇ ಬಚ್ಚೇಕುಚ್ ಕೈಕು ಟೀಚರ್?" ಎಂದು ಕೇಳಿದರು. ಅದೇ ರೋಗಾಣು ಅವಳಲ್ಲೂ ಇದೆ, ಮತ್ತೆ ನಮ್ಮ ಹುಡುಗನಿಗೇ ಏಕೆ? ನಾನು ಚಹಾ ಬಸಿ ಕೆಳಗಿಟ್ಟು ಸುಮ್ಮನೆ ಕುಳಿತೆ.

ಉತ್ತರದಲ್ಲಿ ಎರಡು ಭಾಗಗಳಿವೆ. ಸಣ್ಣ ಭಾಗವನ್ನು ಕೊನೆಗೆ ಹೇಳುತ್ತೇನೆ. ದೊಡ್ಡ ಭಾಗ ಇದು: ಗಂಟಲಮಾರಿಯ ಬ್ಯಾಕ್ಟೀರಿಯಾ ತಾನೇ ತಾನಾಗಿ ಅಂಥ ಕೊಲೆಗಾರನಲ್ಲ. ಅದಕ್ಕೂ ಒಂದು ರೋಗ ತಗಲಿರುತ್ತದೆ. ಅದರ ಒಳಗೆ ಒಂದು ವೈರಸ್ಸು ಮನೆ ಮಾಡಿಕೊಂಡಿರುತ್ತದೆ. ವಿಷದ ಗುಟ್ಟು ಬ್ಯಾಕ್ಟೀರಿಯಾದ ಸ್ವಂತದ್ದಲ್ಲ, ಆ ವೈರಸ್ಸಿನದು.

ವಿದ್ಯಾರ್ಥಿಗಳು ಮೊದಲು ಅಳತೆ ತಿಳಿದುಕೊಳ್ಳಬೇಕು. ನಿಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರ್ ನೋಡಿ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾಗಳನ್ನು ಉದ್ದಕ್ಕೆ ಸಾಲಾಗಿ ಮಲಗಿಸಿದರೆ ಆ ಒಂದು ಮಿಲಿಮೀಟರಿನಲ್ಲಿ ಸುಮಾರು 500 ಹಿಡಿಸುತ್ತವೆ. ಅದಕ್ಕೆ ತಗಲುವ ಟಿ4 ಎಂಬ ವೈರಸ್ಸುಗಳಾದರೆ ಸುಮಾರು 5,000. ಬ್ಯಾಕ್ಟೀರಿಯಾ ಒಂದು ಪೂರ್ಣ ಜೀವಕೋಶ. ಉಣ್ಣುತ್ತದೆ, ಬೆಳೆಯುತ್ತದೆ, ಎರಡಾಗಿ ಸೀಳುತ್ತದೆ. ವೈರಸ್ಸು ಹಾಗಲ್ಲ. ಅದು ಉಣ್ಣುವುದಿಲ್ಲ, ಬೆಳೆಯುವುದಿಲ್ಲ, ಸೀಳುವುದಿಲ್ಲ. ಪ್ರೋಟೀನಿನ ಒಂದು ಡಬ್ಬಿ, ಅದರೊಳಗೆ ಸುತ್ತಿಟ್ಟ ಒಂದು ಬರಹ. ಅಷ್ಟೇ ಅದರ ಸಂಸಾರ.

ಬ್ಯಾಕ್ಟೀರಿಯಾಗಳಿಗೆ ತಗಲುವ ವೈರಸ್ಸುಗಳಿಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು, ಚಿಕ್ಕದಾಗಿ ಫೇಜ್. ಬ್ಯಾಕ್ಟೀರಿಯಾವನ್ನು ತಿನ್ನುವುದು ಎಂದು ಅರ್ಥ. ಆದಮ್‌ಖೋರ್ ಇದ್ದಂತೆ ಜರಾಸೀಮ್‌ಖೋರ್ ಎಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ಮರೆಯುವುದಿಲ್ಲ. ಆದರೆ ಇದು ಸರಿಯಾದ ಹೆಸರಲ್ಲ, ಏಕೆಂದರೆ ಅದು ಏನನ್ನೂ ತಿನ್ನುವುದಿಲ್ಲ. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ಇದರ ಸುಳಿವು ಕಂಡರು. 1917ರಲ್ಲಿ ಪ್ಯಾರಿಸ್ಸಿನ ಫೆಲಿಕ್ಸ್ ಡೆರೆಲ್ ಆಮಶಂಕೆ ರೋಗಿಗಳ ಮಲದಲ್ಲಿ ಇದನ್ನು ಕಂಡು ಈ ಹೆಸರಿಟ್ಟರು. ಅದಕ್ಕೂ ಮುಂಚೆ, 1896ರಲ್ಲಿ, ಆಗ್ರಾದಲ್ಲಿ ಕೆಲಸ ಮಾಡುತ್ತಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ವಿಜ್ಞಾನಿ ಗಂಗೆ ಯಮುನೆಯ ನೀರಿನಲ್ಲಿ ಕಾಲರಾ ರೋಗಾಣುಗಳು ಬೇಗ ಸಾಯುತ್ತವೆ, ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಎಂದು ಬರೆದಿದ್ದರು. ಅವರು ಕಂಡದ್ದು ಫೇಜೇ ಹೌದೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಇದನ್ನು ಕೇಳಿ ಯಾರೂ ನಮ್ಮ ಕಾಗಿಣಾ ನದಿಯ ನೀರನ್ನು ಹಾಗೇ ಕುಡಿಯಬೇಡಿ! ಫೇಜ್‌ಗಳು ಇರುವಲ್ಲಿ ಬ್ಯಾಕ್ಟೀರಿಯಾಗಳೂ ಇರುತ್ತವೆ. ಕೊಳಚೆ ಹೆಚ್ಚಿದ್ದಷ್ಟೂ ಎರಡೂ ಹೆಚ್ಚು. ಇಡೀ ಭೂಮಿಯ ಮೇಲೆ ಫೇಜ್‌ಗಳ ಸಂಖ್ಯೆ 1ರ ಮುಂದೆ 31 ಸೊನ್ನೆ ಇಟ್ಟಷ್ಟು ಎಂದು ಅಂದಾಜು. ಇದನ್ನು ಓದಲು ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ನನಗೆ ಬಾಯಿ ಬರುವುದಿಲ್ಲ.

ಈಗ ಅದು ಒಳಗೆ ಹೊಕ್ಕು ಏನು ಮಾಡುತ್ತದೆ ಎಂಬುದನ್ನು ಹಂತ ಹಂತವಾಗಿ ನೋಡೋಣ. ಟಿ4 ವೈರಸ್ಸನ್ನೇ ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರ ಮೇಲೆ ತುಂಬ ಅಭ್ಯಾಸ ನಡೆದಿದೆ. ಚಿತ್ರ ನೋಡಿದರೆ ಯಾವುದೋ ಯಂತ್ರ ಎಂದುಕೊಳ್ಳುತ್ತೀರಿ. ಮೇಲೆ ಹರಳಿನಂಥ ತಲೆ, ಕೆಳಗೆ ಕೊಳವೆಯಂಥ ಬಾಲ, ಬಾಲದ ತುದಿಯಲ್ಲಿ ಆರು ಉದ್ದ ಕಾಲುಗಳು. ತಲೆಯೊಳಗೆ ಡಿಎನ್‌ಎ ಎಂಬ ದಾರ. ಅದರಲ್ಲಿ ಸುಮಾರು 1,69,000 ಅಕ್ಷರಗಳು. ದಾರವನ್ನು ಬಿಚ್ಚಿ ಎಳೆದರೆ ಅದನ್ನು ತುಂಬಿಟ್ಟ ತಲೆಗಿಂತ ಸುಮಾರು 500 ಪಟ್ಟು ಉದ್ದ. ಕುಪ್ಪಸದ ಜೇಬಿನಲ್ಲಿ ಬಾವಿಯ ಹಗ್ಗ ತುರುಕಿದ ಹಾಗೆ.

ಈ ವೈರಸ್ಸಿಗೆ ಈಜು ಬರುವುದಿಲ್ಲ. ನೀರಿನಲ್ಲಿ ತೇಲುತ್ತ ಹೋಗಿ ಆಕಸ್ಮಿಕವಾಗಿ ಬ್ಯಾಕ್ಟೀರಿಯಾಕ್ಕೆ ಬಡಿಯಬೇಕು. ಬಡಿದ ಮೇಲೆ ಅದರ ಕಾಲುಗಳು ಗೋಡೆಯ ಮೇಲಿನ ಗುರುತನ್ನು ತಡಕಾಡುತ್ತವೆ. ಬೀಗಕ್ಕೆ ಕೀಲಿ ಹೊಂದಿದಂತೆ ಗುರುತು ಹೊಂದಿದರೆ ಮಾತ್ರ ಮುಂದಿನ ಕೆಲಸ. ಹೊಂದದಿದ್ದರೆ ಮತ್ತೆ ತೇಲುತ್ತ ಹೋಗುತ್ತದೆ. ಇದೇ ಕಾರಣಕ್ಕೆ ಒಂದು ಫೇಜ್ ಎಲ್ಲ ಬ್ಯಾಕ್ಟೀರಿಯಾಗಳಿಗೆ ತಗಲುವುದಿಲ್ಲ, ನಮ್ಮ ಶರೀರದ ಜೀವಕೋಶಗಳನ್ನಂತೂ ಅದು ತನ್ನ ಮನೆ ಮಾಡಿಕೊಳ್ಳಲಾರದು. ಗುರುತು ಹೊಂದಿದ ಕೂಡಲೆ ಆರೂ ಕಾಲುಗಳು ಊರುತ್ತವೆ, ಬಾಲದ ಹೊರಕವಚ ಸಂಕುಚಿಸುತ್ತದೆ, ಒಳಗಿನ ಗಟ್ಟಿ ಕೊಳವೆ ಗೋಡೆಯನ್ನು ತೂರಿಕೊಂಡು ಹೋಗುತ್ತದೆ. ತಲೆಯಲ್ಲಿದ್ದ ಡಿಎನ್‌ಎ ಆ ಕೊಳವೆಯ ಮೂಲಕ ಒಳಗೆ ಇಳಿಯುತ್ತದೆ. ಡಬ್ಬಿ ಹೊರಗೇ ಉಳಿಯುತ್ತದೆ.

ಡಬ್ಬಿ ಹೊರಗೆ, ಬರಹ ಒಳಗೆ ಎಂಬುದನ್ನು ಸಿದ್ಧ ಮಾಡಿದ ರೀತಿ ನನಗೆ ಬಹಳ ಹಿಡಿಸಿತು. 1952ರಲ್ಲಿ ಅಮೆರಿಕದ ಆಲ್‌ಫ್ರೆಡ್ ಹರ್ಷಿ ಮತ್ತು ಮಾರ್ಥಾ ಚೇಸ್ ವೈರಸ್ಸಿನ ಪ್ರೋಟೀನಿಗೆ ವಿಕಿರಣ ಸೂಸುವ ಗಂಧಕದ ಗುರುತು ಹಚ್ಚಿದರು, ಡಿಎನ್‌ಎಗೆ ವಿಕಿರಣ ಸೂಸುವ ರಂಜಕದ ಗುರುತು. ವೈರಸ್ಸು ಬ್ಯಾಕ್ಟೀರಿಯಾಕ್ಕೆ ಅಂಟಿದ ಮೇಲೆ ಎಲ್ಲವನ್ನೂ ಅಡುಗೆಮನೆಯ ಮಿಕ್ಸಿಯಲ್ಲಿ ಹಾಕಿ ತಿರುಗಿಸಿದರು. ಹೌದು, ನಾವು ಚಟ್ನಿ ಮಾಡುವಂಥದ್ದೇ! ಹೊರಗೆ ಅಂಟಿದ್ದ ಡಬ್ಬಿಗಳು ಕಳಚಿದವು. ನೋಡಿದರೆ ಗಂಧಕ ಹೆಚ್ಚಾಗಿ ಹೊರಗೆ, ರಂಜಕ ಹೆಚ್ಚಾಗಿ ಬ್ಯಾಕ್ಟೀರಿಯಾದ ಒಳಗೆ. ಹೊಸ ಮರಿವೈರಸ್ಸುಗಳಿಗೆ ಹೋದದ್ದೂ ರಂಜಕವೇ. ವಂಶದ ಬರಹ ಡಿಎನ್‌ಎಯಲ್ಲಿದೆ ಎಂಬ ನಂಬಿಕೆ ಇದರಿಂದ ಬಲವಾಯಿತು. 1969ರ ನೊಬೆಲ್ ಬಹುಮಾನ ಹರ್ಷಿ, ಮ್ಯಾಕ್ಸ್ ಡೆಲ್‌ಬ್ರೂಕ್, ಸಾಲ್ವಡೋರ್ ಲೂರಿಯಾ ಮೂವರಿಗೆ ಬಂತು. ಮಾರ್ಥಾ ಚೇಸ್ ಅವರಿಗೆ ಬರಲಿಲ್ಲ. ಹೆಣ್ಣುಮಕ್ಕಳು ಇಲ್ಲಿ ಕುಳಿತಿದ್ದಾರೆಂದು ಇದನ್ನೂ ಹೇಳಿದೆ.

ಇನ್ನು ಒಳಗಿನ ಕಥೆ. ಇದಕ್ಕೆ ನನಗೆ ತಿಳಿದ ಒಂದೇ ಉಪಮೆ ಕಾತಿಬರದು. ಕಂಪ್ಯೂಟರ್ ಬರುವ ಮುಂಚೆ ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಿಂದ ಬರೆಯುತ್ತಿದ್ದರು. ಕಾತಿಬರ ಮುಂದೆ ಹಾಳೆ ಇಟ್ಟರೆ ಮುಗಿಯಿತು, ಅದು ಮದುವೆಯ ಜಾಹೀರಾತೋ ಸಂಪಾದಕೀಯವೋ ಎಂದು ನೋಡದೆ ಅಂದವಾಗಿ ನಕಲು ಮಾಡುತ್ತಿದ್ದರು. ಬ್ಯಾಕ್ಟೀರಿಯಾದ ಒಳಗಿನ ಯಂತ್ರಗಳೂ ಹಾಗೆಯೇ. ಡಿಎನ್‌ಎಯ ಬರಹ ಎದುರಿಗೆ ಬಂದರೆ ಓದಿ, ಅದರಂತೆ ಪ್ರೋಟೀನು ಮಾಡುತ್ತವೆ. ಬರೆದವರು ಯಾರು ಎಂದು ಕೇಳುವುದಿಲ್ಲ. ವೈರಸ್ಸಿನ ಮೊದಲ ಕೆಲಸ ತನ್ನ ಹಾಳೆಯನ್ನು ಮೇಲಿಡುವುದು. ಕೆಲವೇ ನಿಮಿಷಗಳಲ್ಲಿ ಬ್ಯಾಕ್ಟೀರಿಯಾದ ಸ್ವಂತ ಬರಹ ಓದುವುದು ನಿಲ್ಲುತ್ತದೆ. ಮುಂದೆ ಟಿ4 ಆ ಬರಹವನ್ನು ಕತ್ತರಿಸಿ ಹಾಕಿ, ಅದರ ಅಕ್ಷರಗಳನ್ನು ತನ್ನ ನಕಲುಗಳಿಗೆ ಬಳಸಿಕೊಳ್ಳುತ್ತದೆ. ಹಾಗಾದರೆ ಆ ಕತ್ತರಿ ವೈರಸ್ಸಿನ ಡಿಎನ್‌ಎಯನ್ನೇ ಏಕೆ ಕತ್ತರಿಸುವುದಿಲ್ಲ ಎಂದು ಜಾಣ ವಿದ್ಯಾರ್ಥಿ ಕೇಳಬೇಕು. ಟಿ4 ತನ್ನ ನಾಲ್ಕು ಅಕ್ಷರಗಳಲ್ಲಿ ಒಂದಕ್ಕೆ ಸಣ್ಣ ಬದಲಾವಣೆ ಮಾಡಿಕೊಂಡಿದೆ, ನಾವು ಅಕ್ಷರಕ್ಕೆ ನುಕ್ತಾ ಹಚ್ಚುವಂತೆ. ಕತ್ತರಿ ನುಕ್ತಾ ಇಲ್ಲದ ಬರಹವನ್ನು ಮಾತ್ರ ಕತ್ತರಿಸುತ್ತದೆ.

ಈ ಹೊತ್ತಿನಲ್ಲಿ, ಅಂದರೆ ಮೊದಲ ಹತ್ತು ಹನ್ನೆರಡು ನಿಮಿಷಗಳಲ್ಲಿ, ಬ್ಯಾಕ್ಟೀರಿಯಾವನ್ನು ಒಡೆದು ನೋಡಿದರೆ ಒಂದೂ ವೈರಸ್ಸು ಸಿಗುವುದಿಲ್ಲ. ಒಳಗೆ ಹೋದದ್ದೂ ಮಾಯ! ವಿಜ್ಞಾನಿಗಳು ಇದನ್ನು ಗ್ರಹಣಕಾಲ ಎನ್ನುತ್ತಾರೆ. ಮರಿ ಹಾಕುವುದು, ಮೊಟ್ಟೆ ಇಡುವುದು, ಸೀಳುವುದು ಇವುಗಳಿಗಿಂತ ವೈರಸ್ಸಿನ ದಾರಿ ಬೇರೆ ಎಂಬುದು ಇಲ್ಲಿ ಕಾಣುತ್ತದೆ. ಅದು ಮೊದಲು ತಾನೇ ಬಿಡಿಯಾಗುತ್ತದೆ. ಆಮೇಲೆ ತಲೆಗಳು ಒಂದು ಕಡೆ, ಬಾಲಗಳು ಒಂದು ಕಡೆ, ಕಾಲುಗಳು ಇನ್ನೊಂದು ಕಡೆ ತಯಾರಾಗುತ್ತವೆ. ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸಿದಂತೆ ಕೊನೆಗೆ ಜೋಡಣೆ. ಖಾಲಿ ತಲೆಯೊಳಗೆ ಡಿಎನ್‌ಎಯನ್ನು ಒಂದು ಪುಟ್ಟ ಮೋಟಾರು ಬಲವಾಗಿ ತುರುಕುತ್ತದೆ. ತಲೆ ತುಂಬಿದಾಗ ದಾರವನ್ನು ಕತ್ತರಿಸಿ, ಬಾಲ ಸೇರಿಸಿ, ಕಾಲು ಹಚ್ಚಿದರೆ ಒಂದು ವೈರಸ್ಸು ಸಿದ್ಧ.

ಹೊರಗೆ ಬರಲು ಎರಡು ಪ್ರೋಟೀನು ಬೇಕು. ಒಂದು ಒಳಪೊರೆಯಲ್ಲಿ ಸದ್ದಿಲ್ಲದೆ ಸೇರುತ್ತ ಹೋಗಿ ಗೊತ್ತಾದ ಗಳಿಗೆಗೆ ಒಮ್ಮೆಲೇ ರಂಧ್ರ ಮಾಡುತ್ತದೆ. ಇನ್ನೊಂದು ಆ ರಂಧ್ರದಿಂದ ಹೊರಟು ಗಟ್ಟಿ ಗೋಡೆಯನ್ನು ಕರಗಿಸುತ್ತದೆ. ಬ್ಯಾಕ್ಟೀರಿಯಾ ಒಡೆಯುತ್ತದೆ. ಅನುಕೂಲ ಪರಿಸ್ಥಿತಿಯಲ್ಲಿ, ನಮ್ಮ ಮೈ ಬಿಸಿಯಲ್ಲಿ, ಒಂದು ಟಿ4 ಒಳಹೊಕ್ಕ ಅರ್ಧ ಗಂಟೆಯೊಳಗೆ ನೂರರಿಂದ ಇನ್ನೂರು ಹೊರಬರುತ್ತವೆ. ಲೆಕ್ಕ ಮಾಡಿ. ನೂರೇ ಎಂದು ಹಿಡಿಯಿರಿ. ಪ್ರಾರ್ಥನೆಯ ಗಂಟೆ ಹೊಡೆದಾಗ ಒಂದು. ಅರ್ಧ ಗಂಟೆಗೆ 100, ಒಂದು ಗಂಟೆಗೆ 10,000, ಒಂದೂವರೆ ಗಂಟೆಗೆ ಹತ್ತು ಲಕ್ಷ, ಎರಡು ಗಂಟೆಗೆ ಹತ್ತು ಕೋಟಿ. ಬಿಸಿಯೂಟದ ಗಂಟೆಯ ತನಕ ಕಾಯುವುದೇ ಬೇಡ. ಬ್ಯಾಕ್ಟೀರಿಯಾಗಳು ಸಾಕಷ್ಟು ಇದ್ದರೆ ಮಾತ್ರ ಈ ಲೆಕ್ಕ ನಡೆಯುತ್ತದೆ ಎಂಬುದನ್ನೂ ನೆನಪಿಡಿ. ಮನೆ ಇಲ್ಲದಿದ್ದರೆ ವೈರಸ್ಸೂ ಇಲ್ಲ.

ಇದು ಒಡೆಯುವ ದಾರಿ. ಇನ್ನೊಂದು ಅಡಗುವ ದಾರಿ ಇದೆ. ನಮ್ಮ ಹುಡುಗನ ಕಥೆ ಇರುವುದು ಈ ಎರಡನೆಯ ದಾರಿಯಲ್ಲಿ.

ಕೆಲವು ಫೇಜ್‌ಗಳು ಒಳಹೊಕ್ಕ ಮೇಲೆ ಗದ್ದಲ ಮಾಡುವುದಿಲ್ಲ. ತಮ್ಮ ಹಾಳೆಯನ್ನು ಬ್ಯಾಕ್ಟೀರಿಯಾದ ಪುಸ್ತಕದ ನಡುವೆ ಸೇರಿಸಿ ಹೊಲಿದುಬಿಡುತ್ತವೆ. ಬ್ಯಾಕ್ಟೀರಿಯಾ ಎರಡಾಗುವಾಗ ಪುಸ್ತಕದ ನಕಲು ಆಗುತ್ತದೆ, ಆ ಹಾಳೆಯದೂ ಆಗುತ್ತದೆ. ಮಗಳಿಗೆ, ಮೊಮ್ಮಗಳಿಗೆ, ಅವಳ ಮಕ್ಕಳಿಗೆ ಹೋಗುತ್ತದೆ. ಒಂದೂ ಡಬ್ಬಿ ಮಾಡದೆ, ಒಂದೂ ಜೀವಕೋಶ ಒಡೆಯದೆ ವೈರಸ್ಸು ಲಕ್ಷಗಟ್ಟಲೆ ಆಗುತ್ತದೆ. ಎಸ್ತರ್ ಲೆಡರ್‌ಬರ್ಗ್ ಎಂಬ ವಿಜ್ಞಾನಿ ಕಂಡುಹಿಡಿದ ಲ್ಯಾಮ್ಡಾ ಎಂಬ ಫೇಜ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಅದು ಒಂದು ಕಾವಲು ಪ್ರೋಟೀನನ್ನು ಮಾತ್ರ ಮಾಡಿಸಿಕೊಳ್ಳುತ್ತದೆ. ಒಡೆಯುವ ಕೆಲಸದ ಸಾಲುಗಳನ್ನು ಯಾರೂ ಓದದಂತೆ ಆ ಕಾವಲುಗಾರ ಕೈ ಅಡ್ಡ ಇಟ್ಟಿರುತ್ತಾನೆ. ಅದೇ ಜಾತಿಯ ಇನ್ನೊಂದು ವೈರಸ್ಸು ಬಂದರೂ ಈ ಕಾವಲಿನಿಂದಾಗಿ ಅದಕ್ಕೆ ಏನೂ ಮಾಡಲಾಗುವುದಿಲ್ಲ. ಆದರೆ ಮನೆಗೆ ಬೆಂಕಿ ಬಿದ್ದರೆ ಬಾಡಿಗೆದಾರ ಮೊದಲು ಓಡುತ್ತಾನಲ್ಲವೇ? ನೇರಳಾತೀತ ಕಿರಣ ತಗುಲಿ ಬ್ಯಾಕ್ಟೀರಿಯಾದ ಡಿಎನ್‌ಎಗೆ ಪೆಟ್ಟಾದರೆ ಕಾವಲುಗಾರ ಮುರಿದುಬೀಳುತ್ತಾನೆ, ಅಡಗಿದ್ದ ಹಾಳೆ ಹೊರಬಂದು ಟಿ4ನಂತೆ ಕೆಲಸ ಶುರು ಮಾಡುತ್ತದೆ. ಇದನ್ನು 1950ರಲ್ಲಿ ಪ್ಯಾರಿಸ್ಸಿನಲ್ಲಿ ಆಂದ್ರೆ ಲ್ವೋಫ್ ಮತ್ತು ಜೊತೆಗಾರರು ತೋರಿಸಿದರು.

ಹೀಗೆ ಹೊಲಿದ ಹಾಳೆಯಲ್ಲಿ ವೈರಸ್ಸಿಗೆ ಬೇಕಾದದ್ದಲ್ಲದೆ ಇನ್ನೂ ಏನಾದರೂ ಬರೆದಿದ್ದರೆ? ಕಾತಿಬ ಅದನ್ನೂ ನಕಲು ಮಾಡುತ್ತಾನೆ.

ಗಂಟಲಮಾರಿಯ ಬ್ಯಾಕ್ಟೀರಿಯಾವನ್ನು 1884ರಲ್ಲಿ ಜರ್ಮನಿಯ ಫ್ರೆಡರಿಕ್ ಲೋಫ್ಲರ್ ಬೇರ್ಪಡಿಸಿ ಬೆಳೆಸಿದರು. ಅವರನ್ನು ಕಾಡಿದ ಎರಡು ಸಂಗತಿಗಳಿದ್ದವು. ರೋಗಾಣು ಗಂಟಲಲ್ಲಿ ಮಾತ್ರ ಇದೆ, ಹಾನಿ ಮಾತ್ರ ದೂರದ ಅಂಗಗಳಲ್ಲಿ. ಮತ್ತು ಒಂದು ಆರೋಗ್ಯವಂತ ಮಗುವಿನ ಗಂಟಲಲ್ಲೂ ಅದೇ ರೋಗಾಣು ಸಿಕ್ಕಿತು. ಅವರು ಅದನ್ನು ಮುಚ್ಚಿಡದೆ ಬರೆದರು. ನೋಡಿ, ನಮ್ಮ ಓಣಿಯ ತಾಯಿ ಕೇಳಿದ ಪ್ರಶ್ನೆ ಲೋಫ್ಲರರಿಗೂ ಎದುರಾಗಿತ್ತು! ಮೊದಲನೆಯದಕ್ಕೆ 1888ರಲ್ಲಿ ಎಮಿಲ್ ರೂ ಮತ್ತು ಅಲೆಕ್ಸಾಂಡರ್ ಯೆರ್ಸಿನ್ ಉತ್ತರ ಕೊಟ್ಟರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಮಾಡಿ ಪ್ರಾಣಿಗಳಿಗೆ ಚುಚ್ಚಿದರೂ ರೋಗ ಬಂತು. ಅಂದರೆ ಕೊಲ್ಲುವುದು ವಿಷ. ಎರಡನೆಯ ಪ್ರಶ್ನೆ 1951ರ ತನಕ ಕಾಯಿತು. ಅಮೆರಿಕದ ವಿಕ್ಟರ್ ಫ್ರೀಮನ್ ವಿಷ ಮಾಡಲು ಬಾರದ ಗಂಟಲಮಾರಿ ಬ್ಯಾಕ್ಟೀರಿಯಾಗಳಿಗೆ ಒಂದು ಫೇಜ್ ತಗಲಿಸಿದರು. ಉಳಿದುಕೊಂಡ ಬ್ಯಾಕ್ಟೀರಿಯಾಗಳು ವಿಷ ಮಾಡತೊಡಗಿದವು. ನಿನ್ನೆ ಸಾಧುವಾಗಿದ್ದದ್ದು ಇಂದು ಕೊಲೆಗಾರ. ಮುಂದೆ ತಿಳಿದಂತೆ ವಿಷದ ಬರಹ ಆ ಫೇಜ್‌ನ ಹಾಳೆಯಲ್ಲೇ ಇದೆ.

ಆ ವಿಷ ಎಂಥದ್ದೆಂದರೆ, ನಮ್ಮ ಜೀವಕೋಶದಲ್ಲಿ ಪ್ರೋಟೀನು ತಯಾರಿಸುವ ಕೆಲಸದ ಒಂದು ಮುಖ್ಯ ಕೊಂಡಿಯನ್ನು ಕೆಡಿಸಿಬಿಡುತ್ತದೆ. ವಿಷದ ಕೆಲಸಗಾರ ತುಂಡು ಒಂದೇ ಒಂದು ಕಣ ಒಳಹೊಕ್ಕರೂ ಆ ಜೀವಕೋಶ ಸಾಯುತ್ತದೆ ಎಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಗಂಟಲಲ್ಲಿ ಸತ್ತ ಜೀವಕೋಶಗಳೇ ಬೂದು ಪೊರೆ ಕಟ್ಟುತ್ತವೆ. ರಕ್ತಕ್ಕೆ ಸೇರಿದ ವಿಷ ಹೃದಯಕ್ಕೆ, ನರಗಳಿಗೆ ಹೋಗುತ್ತದೆ. ಇನ್ನೂ ಒಂದು ವಿಚಿತ್ರ: ವಿಷದ ಬರಹ ವೈರಸ್ಸಿನದು, ಆದರೆ ಅದನ್ನು ಯಾವಾಗ ಓದಬೇಕೆಂಬ ಅಪ್ಪಣೆ ಬ್ಯಾಕ್ಟೀರಿಯಾದ್ದು. ಸುತ್ತ ಕಬ್ಬಿಣದ ಅಂಶ ಸಾಕಷ್ಟಿದ್ದರೆ ಬ್ಯಾಕ್ಟೀರಿಯಾದ ಪ್ರೋಟೀನೊಂದು ಆ ಸಾಲನ್ನು ಮುಚ್ಚಿಟ್ಟಿರುತ್ತದೆ, ಕಬ್ಬಿಣ ಕಡಿಮೆಯಾದರೆ ತೆರೆಯುತ್ತದೆ. ನಮ್ಮ ಗಂಟಲಿನಲ್ಲಿ ಅದಕ್ಕೆ ಕಬ್ಬಿಣ ಸುಲಭಕ್ಕೆ ಸಿಗುವುದಿಲ್ಲ. ಬಾಡಿಗೆದಾರ ಮತ್ತು ಮಾಲೀಕ ಇಬ್ಬರೂ ಕೂಡಿಯೇ ನಡೆಸುವ ವ್ಯವಹಾರ ಇದು.

ಕಾಲರಾದ ಕಥೆಯೂ ಇದೇ. ಕಾಲರಾ ವಿಷವನ್ನು 1959ರಲ್ಲಿ ಕಲ್ಕತ್ತಾದಲ್ಲಿ ಶಂಭುನಾಥ ಡೇ ತೋರಿಸಿದರು. ಆ ವಿಷದ ಬರಹ ಇರುವುದೂ ಒಂದು ಫೇಜ್‌ನಲ್ಲಿ ಎಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಪ್ರಕಟಿಸಿದರು. ಆ ಫೇಜ್ ದಾರದಂತೆ ಉದ್ದವಾಗಿದೆ, ಮನೆ ಒಡೆಯದೆ ಗೋಡೆಯ ಮೂಲಕ ನುಸುಳಿ ಹೊರಬರುತ್ತದೆ. ಸಂತಾನದ ಮೂರನೇ ದಾರಿ ಎನ್ನಬಹುದು.

ನಮ್ಮ ರಾಜ್ಯದ ಮಾತು ಹೇಳದಿದ್ದರೆ ತಪ್ಪಾದೀತು. ತಲೆ ತುಂಬಿದಾಗ ದಾರ ಕತ್ತರಿಸುತ್ತದೆ ಎಂದೆನಲ್ಲ, ಕೆಲವೊಮ್ಮೆ ಆ ಮೋಟಾರು ಕೈತಪ್ಪಿ ವೈರಸ್ಸಿನ ಬದಲು ಬ್ಯಾಕ್ಟೀರಿಯಾದ ಡಿಎನ್‌ಎ ತುಂಡನ್ನೇ ತುಂಬುತ್ತದೆ. ಆ ಡಬ್ಬಿ ಇನ್ನೊಂದು ಬ್ಯಾಕ್ಟೀರಿಯಾಕ್ಕೆ ಬಡಿದರೆ ಒಬ್ಬರ ಗುಣ ಇನ್ನೊಬ್ಬರಿಗೆ ಹೋಗುತ್ತದೆ. ಔಷಧಕ್ಕೆ ಜಗ್ಗದ ಗುಣವೂ ಹೀಗೆ ಹೋಗಬಹುದು. ಕ್ಷಯರೋಗದ ಬ್ಯಾಕ್ಟೀರಿಯಾದ ನಿರುಪದ್ರವಿ ನೆಂಟನೊಂದರಲ್ಲಿ ಹೀಗೆ ಗುಣ ಸಾಗಿಸುವ ಐ3 ಎಂಬ ಫೇಜ್ ಬಗ್ಗೆ 1970ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಂದರ್ ರಾಜ್ ಮತ್ತು ಟಿ. ರಾಮಕೃಷ್ಣನ್ 'ನೇಚರ್' ಪತ್ರಿಕೆಯಲ್ಲಿ ಬರೆದರು. ಮುಂದೆ ಅಲ್ಲಿಯ ಕೆ.ಪಿ. ಗೋಪಿನಾಥನ್ ಮತ್ತು ಅವರ ವಿದ್ಯಾರ್ಥಿಗಳು ಐ3 ಮೇಲೆ ಅನೇಕ ವರ್ಷ ಕೆಲಸ ಮಾಡಿದರು. 2000ದಲ್ಲಿ ಬೆಂಗಳೂರಿನಲ್ಲಿ ಜೆ. ರಾಮಚಂದ್ರನ್ ಅವರು ಗಂಗಾಜೆನ್ ಎಂಬ ಕಂಪನಿ ಸ್ಥಾಪಿಸಿದರು. ಇಡೀ ವೈರಸ್ಸಿನ ಬದಲು ಅದರ ಗೋಡೆ ಒಡೆಯುವ ಆಯುಧವನ್ನಷ್ಟೇ ಔಷಧ ಮಾಡಬಹುದೇ ಎಂಬ ಹಾದಿಯಲ್ಲಿ ಅವರು ಪಿ128 ಎಂಬ ಪ್ರೋಟೀನು ತಯಾರಿಸಿದರು. ಕೀವು ಹುಣ್ಣು ಮಾಡುವ ಸ್ಟೆಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ಮೇಲೆ ಅದರ ಪ್ರಯೋಗ. ಫೇಜ್‌ಗಳಿಂದಲೇ ರೋಗ ಗುಣಪಡಿಸುವ ಚಿಕಿತ್ಸೆ ಜಾರ್ಜಿಯಾ ದೇಶದ ತ್ಬಿಲಿಸಿಯಲ್ಲಿ ಹಲವು ದಶಕಗಳಿಂದ ನಡೆದಿದೆ. ಆದರೆ ಇದನ್ನು ಕೇಳಿ ಯಾರೂ ಡಾಕ್ಟರರ ಗುಳಿಗೆ ಬಿಡಬಾರದು. ನಮ್ಮ ದವಾಖಾನೆಗಳಲ್ಲಿ ಇದು ಸಾಮಾನ್ಯ ಚಿಕಿತ್ಸೆಯಾಗಿ ಬಂದಿಲ್ಲ.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಮಾಡುವುದೂ ಬ್ಯಾಕ್ಟೀರಿಯಾಗಳೇ, ಅವುಗಳಿಗೂ ಫೇಜ್ ತಗಲುತ್ತದೆ. ದೊಡ್ಡ ಡೇರಿಗಳಲ್ಲಿ ಒಂದೆರಡು ತಳಿಗಳನ್ನೇ ಬಳಸುವುದರಿಂದ ಫೇಜ್ ಬಿದ್ದರೆ ಇಡೀ ಹಂಡೆ ಹೆಪ್ಪಾಗದೆ ಕೆಡುತ್ತದೆ. ನಮ್ಮ ಮನೆಯ ಹೆಪ್ಪಿನಲ್ಲಿ ಬಗೆಬಗೆಯ ಬ್ಯಾಕ್ಟೀರಿಯಾಗಳು ಇರುವುದರಿಂದ ಒಂದು ಸತ್ತರೆ ಇನ್ನೊಂದು ಕೆಲಸ ನಡೆಸುತ್ತದೆ. ಮೊಸರಿನ ಬ್ಯಾಕ್ಟೀರಿಯಾ ಹಳೆಯ ವೈರಸ್ಸಿನ ಬರಹದ ಚೂರನ್ನು ತನ್ನಲ್ಲಿ ಕತ್ತರಿಸಿಟ್ಟುಕೊಂಡು, ಮುಂದಿನ ಸಲ ಅದೇ ವೈರಸ್ಸು ಬಂದರೆ ಗುರುತು ಹಿಡಿದು ಕತ್ತರಿಸುತ್ತದೆ ಎಂದು 2007ರಲ್ಲಿ ಮೊಸರಿನ ಹೆಪ್ಪು ತಯಾರಿಸುವ ಕಂಪನಿಯ ವಿಜ್ಞಾನಿಗಳೇ ತೋರಿಸಿದರು. ಕ್ರಿಸ್ಪರ್ ಎಂಬ ಆ ಕತ್ತರಿಯನ್ನು ನಮಗೆ ಬೇಕಾದ ಕಡೆ ಬಳಸುವ ವಿಧಾನಕ್ಕೆ 2020ರ ನೊಬೆಲ್ ಬಂತು, ಇಬ್ಬರು ಮಹಿಳೆಯರಿಗೆ: ಎಮಾನ್ಯುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ.

ಈಗ ಉತ್ತರದ ಸಣ್ಣ ಭಾಗ. ಅಕ್ಕನ ಗಂಟಲಲ್ಲಿ ಅದೇ ರೋಗಾಣು ಇದ್ದರೂ ಅವಳೇಕೆ ಚೆನ್ನಾಗಿದ್ದಳು? ಎರಡು ಸಾಧ್ಯತೆಗಳಿವೆ. ಒಳಗೆ ಆ ಫೇಜ್ ಇಲ್ಲದ ಬ್ಯಾಕ್ಟೀರಿಯಾ ಇದ್ದರೆ ವಿಷವಿಲ್ಲ. ಆದರೆ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಮಲಗುವ ಅಕ್ಕ ತಮ್ಮಂದಿರಲ್ಲಿ ಇದ್ದದ್ದು ಬಹುಶಃ ಒಂದೇ ಬ್ಯಾಕ್ಟೀರಿಯಾ, ಒಂದೇ ಫೇಜ್. ವ್ಯತ್ಯಾಸ ಬೇರೆಯಿತ್ತು. ಅಕ್ಕನಿಗೆ ಚಿಕ್ಕಂದಿನಿಂದ ಎಲ್ಲ ಸೂಜಿಗಳು ಆಗಿದ್ದವು, ತಮ್ಮನಿಗೆ ಅರ್ಧಕ್ಕೇ ನಿಂತಿದ್ದವು. ಗಂಟಲಮಾರಿಯ ಲಸಿಕೆ ಬ್ಯಾಕ್ಟೀರಿಯಾದ ವಿರುದ್ಧ ಅಲ್ಲ, ಆ ವಿಷದ ವಿರುದ್ಧ. 1923ರಲ್ಲಿ ಫ್ರಾನ್ಸಿನ ಗಾಸ್ಟನ್ ರಮೋನ್ ವಿಷವನ್ನು ಫಾರ್ಮಲಿನ್ನಿನಿಂದ ಹಲ್ಲು ಕಿತ್ತ ಹಾವಿನಂತೆ ಮಾಡಿ ಲಸಿಕೆ ತಯಾರಿಸಿದರು. ಈಗಲೂ ಅದೇ ತತ್ವ. ಲಸಿಕೆಯಾದ ಮಗುವಿನ ಗಂಟಲಲ್ಲಿ ರೋಗಾಣು ಕೂತಿರಬಹುದು, ವೈರಸ್ಸಿನ ಹಾಳೆಯನ್ನು ಓದಿ ವಿಷವನ್ನೂ ಬಿಡಬಹುದು, ಆದರೆ ರಕ್ತದಲ್ಲಿ ಕಾಯುತ್ತಿರುವ ಪ್ರತಿವಿಷ ಅದನ್ನು ಹಿಡಿದುಬಿಡುತ್ತದೆ. ಲಸಿಕೆ ಇಲ್ಲದ ಮಗುವಿಗೆ ದವಾಖಾನೆಯಲ್ಲಿ ಪ್ರತಿವಿಷ ಕೊಡುತ್ತಾರೆ. ಜೀವಕೋಶದೊಳಗೆ ಆಗಲೇ ಹೊಕ್ಕ ವಿಷವನ್ನು ಅದು ಹೊರಗೆ ತರಲಾರದು. ತಡವಾದಷ್ಟೂ ಹೃದಯಕ್ಕೆ ಪೆಟ್ಟು.

ಇನ್ನೊಂದು ವಿಷಯ ಇದೆ, ಅದನ್ನು ಆ ತಾಯಿಗೆ ಹೇಳಲು ನನಗೆ ಬಹಳ ದಿನ ಧೈರ್ಯ ಬರಲಿಲ್ಲ. ಲಸಿಕೆಯಾದ ಅಕ್ಕನಿಂದಲೇ ರೋಗಾಣು ತಮ್ಮನಿಗೆ ಬಂದಿರಬಹುದು. ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಓಣಿಯಲ್ಲಿ ಅರ್ಧ ಮಕ್ಕಳಿಗೆ ಲಸಿಕೆಯಾಗಿ ಅರ್ಧ ಮಕ್ಕಳು ಉಳಿದರೆ, ಉಳಿದವರಿಗೆ ಆ ಅರ್ಧದಿಂದ ಪೂರ್ಣ ರಕ್ಷಣೆ ಸಿಗುವುದಿಲ್ಲ.

ಸರಕಾರಿ ಪಟ್ಟಿ ಹೀಗಿದೆ: ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾವಲೆಂಟ್. 16ರಿಂದ 24 ತಿಂಗಳೊಳಗೆ ಡಿಪಿಟಿ, 5ರಿಂದ 6 ವರ್ಷಕ್ಕೆ ಮತ್ತೆ ಡಿಪಿಟಿ. 10 ವರ್ಷಕ್ಕೆ ಮತ್ತು 16 ವರ್ಷಕ್ಕೆ ಟಿಡಿ. ಮೊದಲು ಕೊಡುತ್ತಿದ್ದ ಟಿಟಿಯಲ್ಲಿ ಧನುರ್ವಾಯುವಿಗೆ ಮಾತ್ರ ರಕ್ಷಣೆ ಇತ್ತು, ಟಿಡಿಯಲ್ಲಿ ಗಂಟಲಮಾರಿಗೂ ಇದೆ. ವರ್ಷ ಕಳೆದಂತೆ ರಕ್ಷಣೆ ಇಳಿಯುತ್ತದೆ, ಅದಕ್ಕೇ ಶಾಲೆಗೆ ಬಂದು ಹಾಕುವುದು. ಸೂಜಿ ಹಾಕಿದ ದಿನ ತೋಳು ನೋಯುತ್ತದೆ, ಕೆಲವರಿಗೆ ಸಣ್ಣ ಜ್ವರ ಬರುತ್ತದೆ. ಮಕ್ಕಳಾಗುವುದಿಲ್ಲ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ನನಗೂ ಹಾಕಿದ್ದಾರೆ, ನನ್ನ ಇಬ್ಬರು ಮಕ್ಕಳು ಅಲ್ಲಿ ಮೂರನೇ ಸಾಲಿನಲ್ಲಿ ಕೂತು ಗದ್ದಲ ಮಾಡುತ್ತಿದ್ದಾರೆ.

ಆ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ. ಆಟದ ಪಿರಿಯಡ್ಡಿನಲ್ಲಿ ಓಡುವುದಿಲ್ಲ, ಸ್ಕೋರು ಬರೆಯುತ್ತಾನೆ. ಅಕ್ಷರ ಮುತ್ತಿನಂತಿದೆ. ಈ ಸಲದ ಟಿಡಿ ಚೀಟಿಗಳನ್ನು ಎರಡೂ ಭಾಷೆಯಲ್ಲಿ ಅವನಿಂದಲೇ ಬರೆಸಿ ಜೆರಾಕ್ಸ್ ಮಾಡಿಸಿದ್ದೇನೆ. ಬಾಗಿಲ ಹತ್ತಿರದ ಮೇಜಿನ ಮೇಲಿವೆ. ಸಹಿ ಮಾಡಲು ಮನಸ್ಸಿಲ್ಲದವರು ಚೀಟಿಯ ಹಿಂದೆ ಮನೆಯ ವಿಳಾಸ ಬರೆದುಕೊಡಿ, ಭಾನುವಾರ ನಾನೇ ಬರುತ್ತೇನೆ. ಈಗ ಪ್ರಶ್ನೆಗಳಿದ್ದರೆ ಕೇಳಿ, ಮೊದಲು ವಿದ್ಯಾರ್ಥಿಗಳು.